ನಾನು ಚುಚ್ಚಿಕೊಂಡ ಟಾನಿಕ್

ಇದನ್ನು ಹೇಳುವುದನ್ನು ಬಹಳ ದಿನ ಮುಂದೂಡಿದ್ದೇನೆ. ಕಣ್ಣಿನ ಚಿಕಿತ್ಸೆ ಮುಗಿಯಲಿ ಅಂದುಕೊಂಡೆ. ಅದು ಮುಗಿಯುವಂಥದ್ದಲ್ಲ ಎಂದು ಗೊತ್ತಾದ ಮೇಲೆ ಪಂಚಮಿ ಕಳೆಯಲಿ ಅಂದೆ, ಆಮೇಲೆ ದೀಪಾವಳಿ ಅಂದೆ. ಈಗ ಎಡಗಣ್ಣಿಗೆ ಬೆಳಕಷ್ಟೇ ಕಾಣುತ್ತದೆ. ಬಲಗಣ್ಣಿಗೆ ದೊಡ್ಡ ಅಕ್ಷರ ಕಾಣುತ್ತದೆ. ಅದೂ ಹೋಗುವ ಮೊದಲು ದಪ್ಪ ಪೆನ್ನಿನಲ್ಲಿ ಬರೆದಿಡುತ್ತಿದ್ದೇನೆ. ಹೈಸ್ಕೂಲು ಓದಿದವನು ನಾನು, ಬರೆದು ರೂಢಿಯಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸಿಂಧನೂರಿನಲ್ಲಿ ನನ್ನದು ಗೊಬ್ಬರದ ಅಂಗಡಿ. ಬೀಜ, ಗೊಬ್ಬರ, ಎಣ್ಣಿ ಮಾರಿ ಬದುಕಿದವನು. ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣಿ ಅನ್ನುತ್ತಾರೆ. ಅದರ ಜೊತೆಗೆ ಇನ್ನೊಂದು ಮಾರುತ್ತಿದ್ದೆ, ಟಾನಿಕ್. ಭತ್ತ ಚೆನ್ನಾಗಿ ತೆನೆ ಒಡೆಯಲಿ, ಹಸಿರಾಗಲಿ ಎಂದು ಹೊಡೆಯುವ ದ್ರವ. ಎಣ್ಣಿ ಅಂದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವ ರೈತ ಟಾನಿಕ್ ಅಂದರೆ ಬರಿಗೈಯಲ್ಲಿ ಕಲಸುತ್ತಾನೆ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಯಾರೂ ಪಾಲಿಸುವುದಿಲ್ಲ. ನಾನೇ ಗಲ್ಲಾದಲ್ಲಿ ಕೂತು ಎಷ್ಟು ಜನಕ್ಕೆ ಹೇಳಿಲ್ಲ: “ಅದು ಕಂಪನ್ಯಾರ ಮಾತು. ನಮ್ಮ ನೆಲಕ್ಕ ಜರಾ ಜಾಸ್ತಿನ ಬೇಕು. ಟಾನಿಕ್ ಐತಿ, ಏನಾಗಂಗಿಲ್ಲ, ಹಾಕು.”

ಸಕ್ಕರೆ ಕಾಯಿಲೆ ನನಗೆ ಹಳೆಯದು. ಅದು ಇದ್ದದ್ದು ಇದ್ದ ಹಾಗೆ ಇತ್ತು. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದದ್ದು ದೊಡ್ಡದಾಯಿತು. ರಾಡ್ ಹಾಕಿದರು. ತಿಂಗಳುಗಟ್ಟಲೆ ಮಲಗಿ ಎದ್ದಾಗ ಧೋತರದೊಳಗೆ ನನ್ನ ತೊಡೆ ನನ್ನದಲ್ಲ ಅನ್ನಿಸಿತು. ಕೈಯಿಂದ ಹಿಡಿದರೆ ಮುಷ್ಟಿಗೆ ಸಿಗುತ್ತಿತ್ತು. ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಕುರ್ಚಿ ಹಿಡಿದು ಏಳಬೇಕು, ಕೂಡಬೇಕು, ಬೇಳೆ ಕಾಳು ತಿನ್ನಬೇಕು. ನನಗೆ ಅದು ಮಕ್ಕಳಾಟ ಅನ್ನಿಸಿತು.

ಮುಕ್ಕುಂದದಲ್ಲಿ ಬೀಗರ ಮನೆಯ ಮದುವೆ. ಪಂಕ್ತಿಯಲ್ಲಿ ನೆಲಕ್ಕೆ ಕೂಡಬೇಡ, ಕುರ್ಚಿ ಹಾಕಿಸುತ್ತಾರೆ ಎಂದು ಹೆಂಡತಿ ಶರಣಮ್ಮ ಹೇಳಿದ್ದಳು. ನಾಲ್ಕು ಜನರ ಮುಂದೆ ಕುರ್ಚಿ ಕೇಳುವುದು ನನ್ನಿಂದ ಆಗಲಿಲ್ಲ. ಕೂತೆ, ಉಂಡೆ. ಏಳಲು ಆಗಲಿಲ್ಲ. ಎಲ್ಲರೂ ಎದ್ದು ಕೈ ತೊಳೆದರು, ಮುಂದಿನ ಪಂಕ್ತಿಯವರು ಬಂದು ನಿಂತರು, ನಾನು ಎಂಜಲೆಲೆಯ ಮುಂದೆ ಕೂತೇ ಇದ್ದೆ. ಕೊನೆಗೆ ಇಬ್ಬರು ಬಗಲಿಗೆ ಕೈ ಹಾಕಿ ಎತ್ತಿದರು.

“ಸಾವ್ಕಾರ್ರು ಗೊಬ್ಬರದ ಚೀಲ ಒಂದ ಕೈಲೆ ಎತ್ತತಿದ್ರು,” ಅಂದ ಒಬ್ಬ. “ಈಗ ನೋಡ್ರಿ, ಸಾವ್ಕಾರನ್ನ ಚೀಲ ಎತ್ತಿದಂಗ ಎತ್ತಬೇಕಾತು.”

ಜನ ನಕ್ಕರು. ನಾನೂ ನಕ್ಕೆ. ಶರಣಮ್ಮ ನಗಲಿಲ್ಲ.

ಅಮರೇಶ ಎಂಬುವನು ನನ್ನ ಅಂಗಡಿಗೆ ಟಾನಿಕ್ ತಂದು ಹಾಕುವ ಏಜೆಂಟ್. ಸಿಂಧನೂರಿನಲ್ಲೇ ಹುಡುಗರಿಗಾಗಿ ಒಂದು ಜಿಮ್ಮೂ ಇಟ್ಟಿದ್ದ. ಮದುವೆಯ ಮಾತು ಅವನ ಕಿವಿಗೂ ಬಿದ್ದಿತ್ತು.

“ಸಾವ್ಕಾರ್ರೀ, ಬೆಳಿಗೆಲ್ಲಾ ಟಾನಿಕ್ ಹೊಡಸ್ತೀರಿ, ನಿಮಗ ಯಾವಾಗ ಹೊಡಕೊಳ್ಳಾವ್ರು?” ಅಂದ.

“ಸುಮ್ಮ ಕುಂಡ್ರಲೇ. ನನ್ನ ಬೆಳಿ ಕೊಯ್ಲಿಗಿ ಬಂದೈತಿ.”

“ಚ್ಯಾಷ್ಟಿ ಮಾಡಾಕತ್ತಿಲ್ರೀ. ನಮ್ಮ ಜಿಮ್ಮಿನ ಹುಡುಗ್ರು ತಗೋತಾರ. ಗ್ರೋಥ್ ಫ್ಯಾಕ್ಟರ್ ಅಂತಾರ ಅದಕ್ಕ, ಪೆಪ್ಟೈಡ್. ಕಂಡ (ಸ್ನಾಯು) ಬೆಳಿ ಅಂತ ಮೈಗೆ ಹೇಳತೈತಿ, ಮೈ ಬೆಳಸತೈತಿ.”

“ದವಾ ಏನದು?”

“ದವಾ ಅಲ್ರೀ. ಟಾನಿಕ್ ಅನ್ಕೊಳ್ರಿ.”

ಆ ಒಂದು ಶಬ್ದಕ್ಕೆ ನಾನು ಬಿದ್ದೆ. ದವಾ ಅಂದಿದ್ದರೆ ಡಾಕ್ಟರನ್ನು ಕೇಳುತ್ತಿದ್ದೆ. ಟಾನಿಕ್ ಅಂದದ್ದಕ್ಕೆ ಕೇಳಲಿಲ್ಲ.

ಹೆಬ್ಬೆರಳಿನಷ್ಟು ಬಾಟಲಿ, ರಬ್ಬರಿನ ಮುಚ್ಚಳ, ತಳದಲ್ಲಿ ಉಪ್ಪಿನ ಹಾಗೆ ಬಿಳಿ ಪುಡಿ. ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ. ಓದಲು ಬರದೆ ಮೋಸಹೋದೆ ಎಂದು ಹೇಳಿಕೊಳ್ಳಲಾರೆ. ಎರಡು ಸಲ ಓದಿದೆ. ಆದರೆ ನನ್ನ ಅಂಗಡಿಯ ಪ್ರತಿ ಡಬ್ಬಿಯ ಮೇಲೂ ಅಂಥದ್ದು ಬರೆದಿರುತ್ತದೆ, ಕೈಗವಸು ಹಾಕಿರಿ, ಮಕ್ಕಳಿಂದ ದೂರ ಇಡಿರಿ ಎಂದು. ಬರೆಯುವುದು ಅವರ ಧರ್ಮ, ಬಿಡುವುದು ನಮ್ಮ ರೂಢಿ. ಇದನ್ನೂ ಹಾಗೆಯೇ ಬಿಟ್ಟೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಮಜ್ಜಿಗೆ, ನೀರು ಇಡುವ ಸಣ್ಣ ಫ್ರಿಜ್ ಇತ್ತು. ಬಾಟಲಿಗಳನ್ನು ಅಲ್ಲಿ ಇಟ್ಟೆ. ಬೆಳಿಗ್ಗೆ ಅಂಗಡಿಗೆ ಹೂವು ಕೊಡುವವನು ಬರುವ ಮೊದಲೇ ಹೋಗಿ ಶಟರ್ ಅರ್ಧ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡು, ಬಸವಣ್ಣನ ಫೋಟೋಕ್ಕೆ ಊದುಬತ್ತಿ ಹಚ್ಚಿ, ಮನೆಗೆ ಬಂದು ನಾಷ್ಟಾ ಮಾಡುತ್ತಿದ್ದೆ. ಮೊದಮೊದಲು ಖರೆ ಅನ್ನಿಸಿತು. ತೊಡೆ ತುಂಬಿದ ಹಾಗೆ, ಹೆಜ್ಜೆ ಗಟ್ಟಿಯಾದ ಹಾಗೆ. ತುಂಬಿದ್ದು ಕಂಡವೋ, ನೀರೋ, ನನ್ನ ಆಸೆಯೋ ಇವತ್ತಿಗೂ ತಿಳಿಯದು. ಆಮೇಲೆ ಬೆರಳು ಬಾತು ಉಂಗುರ ಕಳಚಲಿಲ್ಲ. ಅಂಗೈ ಜೋಮು ಹಿಡಿಯಿತು. ಬೆಳೆ ಹಳದಿಯಾದರೆ ನಾವು ಏನು ಮಾಡುತ್ತೇವೆ? ಇನ್ನೊಂದು ಸಲ ಹೊಡೆಯುತ್ತೇವೆ. ನಾನೂ ಅಳತೆ ಏರಿಸಿದೆ.

ಈಗ ನನ್ನ ಸೊಸೆಯ ವಿಷಯ ಹೇಳಬೇಕು. ನನ್ನ ಮಗ ಬಸವರಾಜ ಲಿಂಗಸುಗೂರಿನ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಅವನ ಹೆಂಡತಿಯ ತವರು ಮಸ್ಕಿ, ನಡುದಾರಿಯ ಊರು. ನಮ್ಮ ಮನೆಗಳಲ್ಲಿ ಸೊಸೆಯನ್ನು ತವರೂರಿನಿಂದ ಕರೆಯುತ್ತೇವೆ. ಹೀಗಾಗಿ ಆಕೆ ನಮಗೆಲ್ಲ ‘ಮಸ್ಕ್ಯಾಕಿ’. ನಾನು ಎಲುಬು ಮುರಿದುಕೊಂಡಾಗಿನಿಂದ ನನ್ನ ಗುಳಿಗೆಗಳ ಜವಾಬ್ದಾರಿ ಆಕೆಯದು. ಬಿ.ಎ. ಓದಿದ ಹುಡುಗಿ, ನನಗಿಂತ ಚೆನ್ನಾಗಿ ಚೀಟಿ ಓದುತ್ತಿದ್ದಳು. ನಾಷ್ಟಾಕ್ಕೆ ಮೊದಲು ಸಕ್ಕರೆ ಗುಳಿಗೆ, ಆಮೇಲೆ ಬಿ.ಪಿ. ಗುಳಿಗೆ. ನೀರಿನ ತಂಬಿಗೆ ಹಿಡಿದು ನಾನು ನುಂಗುವವರೆಗೆ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಗುಳಿಗೆ ನುಂಗಿ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದ್ದಷ್ಟೇ ನೆನಪು. ಮೈಯೆಲ್ಲ ಬೆವರು, ಕೈ ನಡುಕ. ಶರಣಮ್ಮನನ್ನು ಕೂಗಬೇಕು, ಹೆಸರೇ ಬರಲಿಲ್ಲ. ಎಚ್ಚರವಾದಾಗ ಆಸ್ಪತ್ರೆಯ ಮಂಚದಲ್ಲಿದ್ದೆ, ಕೈಗೆ ಗ್ಲೂಕೋಸ್ ಏರುತ್ತಿತ್ತು. ಸಕ್ಕರೆ ಪಾತಾಳಕ್ಕೆ ಇಳಿದಿತ್ತಂತೆ.

ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. “ಗುಳಿಗೆ ಎರಡು ಸಲ ಏನಾದರೂ ಕೊಟ್ಟಿದ್ದೀರಾ? ಒಮ್ಮೆ ಕೊಟ್ಟು, ಮರೆತು ಮತ್ತೆ? ವಯಸ್ಸಾದವರಿರೋ ಮನೇಲಿ ಆಗೋದೇ,” ಅಂದರು.

ಶರಣಮ್ಮ ತಿರುಗಿ ಮಸ್ಕ್ಯಾಕಿಯನ್ನು ನೋಡಿದಳು.

“ಇಲ್ರೀ ಅತ್ತಿ, ಒಂದ ಕೊಟ್ಟೀನ್ರೀ. ನನಗ ನೆನಪೈತ್ರೀ.”

“ಫೋನಿನ್ಯಾಗ ಮಾರಿ ಹಾಕ್ಕೊಂಡು ನಿಂತಿದ್ದಿ ಮುಂಜಾನಿ. ಏನ ನೆನಪಿರತೈತಿ ನಿನಗ?”

“ಅವ್ವನ ಫೋನ್ ಬಂದಿತ್ರೀ. ಗುಳಗಿ ಕೊಟ್ಟ ಮ್ಯಾಲೇ ಮಾತಾಡೀನ್ರೀ. ಮಾವಾರನ್ನ ಕೇಳ್ರಿ.”

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಪೂರ್ತಿ ಎಚ್ಚರವಿತ್ತು. ಒಂದೇ ಗುಳಿಗೆ ನುಂಗಿದ್ದು ಗೊತ್ತಿತ್ತು. ಅಂಗಡಿಯ ಫ್ರಿಜ್ಜಿನಲ್ಲಿ ಏನಿದೆ ಎಂಬುದೂ ಗೊತ್ತಿತ್ತು. ನಾನು ಕಣ್ಣು ಮುಚ್ಚಿದೆ. ದಣಿದಾರ, ಬಿಡ್ರಿ, ಎಂದು ನರ್ಸಮ್ಮ ಅಂದಳು.

ಆಗ ಹೇಳಲಿಲ್ಲ ಯಾಕೆ ಎಂದು ನೀವು ಕೇಳಬಹುದು. ನಾಚಿಕೆ. ಮುದುಕ ತೊಡೆ ಬೆಳೆಸಿಕೊಳ್ಳಲು ಹುಡುಗರ ಇಂಜೆಕ್ಷನ್ ಚುಚ್ಚಿಕೊಂಡ ಎಂದು ಸಿಂಧನೂರಿನಲ್ಲಿ ಯಾರಾದರೂ ಹೇಳುವುದನ್ನು ನೆನೆಸಿಕೊಂಡೆ. ಆ ಪಂಕ್ತಿಯ ನಗು ಮತ್ತೆ ಕೇಳಿಸಿತು.

ಇನ್ನೂ ನಾಚಿಕೆಯ ಮಾತು, ಮನೆಗೆ ಬಂದ ಮೇಲೂ ಚುಚ್ಚಿಕೊಳ್ಳುವುದನ್ನು ಬಿಡಲಿಲ್ಲ. ಅಳತೆ ಕಡಿಮೆ ಮಾಡಿದೆ, ಅಷ್ಟೇ. ಮಸ್ಕ್ಯಾಕಿ ಈಗ ಗುಳಿಗೆ ಕೊಡುವಾಗ ಅತ್ತೆಯನ್ನು ಕರೆಯುತ್ತಿದ್ದಳು. “ನೋಡ್ರೀ ಅತ್ತಿ, ಒಂದ ಐತಿ,” ಎಂದು ನನ್ನ ಅಂಗೈಯಲ್ಲಿ ಇಡುತ್ತಿದ್ದಳು. ಶರಣಮ್ಮ ಸಾರಿನ ಸೌಟು ಹಿಡಿದೇ ಬಂದು ನೋಡಿ ಹೋಗುತ್ತಿದ್ದಳು. ಹೀಗಿದ್ದೂ ಮತ್ತೆ ಸಕ್ಕರೆ ಇಳಿದು ಬಿದ್ದೆ. ಆ ದಿನ ಶರಣಮ್ಮ ಮಠಕ್ಕೆ ಹೋಗಿದ್ದಳು, ನೋಡುವವರು ಇರಲಿಲ್ಲ. ಅಷ್ಟು ಸಾಕಾಯಿತು.

ಗುಳಿಗೆಯ ಡಬ್ಬಿ ಶರಣಮ್ಮನ ಕಪಾಟಿಗೆ ಹೋಯಿತು, ಕೀಲಿ ಆಕೆಯ ಸೊಂಟಕ್ಕೆ. ಬಸವರಾಜ ಹೆಂಡತಿಯ ಪರವಾಗಿ ಒಂದು ಮಾತು ಆಡಿದ. “ಯವ್ವಾ, ಬೇಕಂತ ಮಾಡ್ಯಾಳೇನು?”

“ಬೇಕಂತ ಅಂತ ಯಾರಂದ್ರು? ಮರವು. ಮರವಿನ ಕೈಯಾಗ ನಿಮ್ಮಪ್ಪನ ಜೀವ ಕೊಡಲೇನು? ಪಂಚಮಿಗೆ ಹೆಂಗೂ ತವರಿಗೆ ಹೋಗಾಕಿ. ಕಳಸು.”

ಪಂಚಮಿ ಇನ್ನೂ ದೂರವಿತ್ತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ಕರೆದುಕೊಂಡು ಹೋಗುತ್ತಾನೆ. ಕರೆಯಲು ಯಾರೂ ಬರದೆ ಆಕೆ ಒಬ್ಬಳೇ ಬ್ಯಾಗು ಹಿಡಿದು ಬಸ್ಸು ಹತ್ತಿದಳು. ತವರಿನ ಓಣಿಯ ಹೆಣ್ಣುಮಕ್ಕಳು ಆಕೆಗೆ ಕೇಳಿದ ಪ್ರಶ್ನೆಯನ್ನು ಆಮೇಲೆ ಬೀಗತಿಯೇ ಫೋನಿನಲ್ಲಿ ಶರಣಮ್ಮನಿಗೆ ಹೇಳಿದಳು: “ಪಂಚಮಿ ಇನ್ನಾ ಎಲ್ಲೈತಿ, ಇಷ್ಟ ಜಲ್ದಿ ಜೋಕಾಲಿ ಕಟ್ಟಾಕ ಬಂದೀಯೇನವ್ವಾ?”

ಬಸವರಾಜನ ಬಸ್ಸು ದಿನಾ ಎರಡು ಸಲ ಮಸ್ಕಿಯಲ್ಲಿ ನಿಲ್ಲುತ್ತದೆ. ಅವನು ಇಳಿಯಲಿಲ್ಲ. ಒಂದು ಸಂಜೆ ಆಕೆಯೇ ಬಸ್‌ಸ್ಟ್ಯಾಂಡಿಗೆ ಬಂದು ಕಿಟಕಿಯಿಂದ ಬುತ್ತಿ ಕೊಟ್ಟಳಂತೆ. ಮನೆಗೆ ತಂದು ಬಿಚ್ಚಿದ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ನನಗೆ ಇಷ್ಟವಾದದ್ದು. “ಏನ ಹಾಕ್ಯಾಳೋ, ಏನ ಮರತಾಳೋ,” ಎಂದು ಶರಣಮ್ಮ ಆಕಳಿಗೆ ಹಾಕಿದಳು. ನಾನು ಒಂದು ತುತ್ತು ಎತ್ತಿ ಎಲ್ಲರ ಮುಂದೆ ತಿನ್ನಬಹುದಿತ್ತು. ತಿನ್ನಲಿಲ್ಲ.

ಆಕೆ ಮಸ್ಕಿಯಲ್ಲಿದ್ದಾಗಲೇ ಮೂರನೆಯ ಸಲ ಬಿದ್ದೆ. ಅಷ್ಟರಲ್ಲಿ ಡಾಕ್ಟರು ಸಕ್ಕರೆ ಗುಳಿಗೆಯನ್ನೇ ನಿಲ್ಲಿಸಿದ್ದರು. ಈ ಸಲ ಅವರು ಎಲ್ಲರನ್ನೂ ಹೊರಗೆ ಕಳಿಸಿ, ಸ್ಟೂಲು ಎಳೆದುಕೊಂಡು ಕೂತರು.

“ಗುಳಿಗೆ ಇಲ್ಲ. ಆದರೂ ಸಕ್ಕರೆ ಇಳಿದಿದೆ. ಹೊಟ್ಟೆ ಮೇಲೆ ಸೂಜಿ ಗುರುತು ನೋಡಿದೆ. ನಾನು ಪೊಲೀಸ್ ಅಲ್ಲ, ಯಜಮಾನ್ರೇ. ಹೇಳಿ.”

ಹೇಳಿದೆ. ಹೇಳುವಾಗ ಅತ್ತುಬಿಟ್ಟೆ. ಅವರು ಬೈಯಲಿಲ್ಲ. ತಮ್ಮ ಆಳನ್ನೇ ಅಂಗಡಿಗೆ ಕಳಿಸಿ ಒಂದು ಬಾಟಲಿ ತರಿಸಿ ಬೆಳಕಿಗೆ ಹಿಡಿದು ನೋಡಿದರು. ಇಂಥದ್ದು ಸಕ್ಕರೆಯನ್ನೂ ಇಳಿಸುತ್ತದೆ ಅಂದರು. ಇದನ್ನು ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷಿಸಿ ಯಾರೂ ಒಪ್ಪಿಗೆ ಕೊಟ್ಟಿಲ್ಲ ಅಂದರು. ಬರೆದದ್ದೇ ಒಳಗಿದೆ ಅನ್ನುವ ಖಾತ್ರಿಯೂ ಇಲ್ಲ ಅಂದರು. “ಮುಂದೇನಾಗ್ತದ್ರೀ?” ಎಂದು ಕೇಳಿದೆ. “ನನಗೆ ಗೊತ್ತಿಲ್ಲ,” ಅಂದರು. ಇಷ್ಟು ವರ್ಷದಲ್ಲಿ ಒಬ್ಬ ಡಾಕ್ಟರು ಹಾಗೆ ಅಂದದ್ದನ್ನು ನಾನು ಕೇಳಿರಲಿಲ್ಲ. ರೋಗಕ್ಕೆ ಹೆಸರಿದ್ದರೆ ಅದನ್ನು ಹಿಡಿದುಕೊಂಡು ಕೂಡಬಹುದು. ನನಗೆ ಅದೂ ಇರಲಿಲ್ಲ.

“ಮನೆಯಲ್ಲಿ ನೀವೇ ಹೇಳಿ,” ಅಂದರು. ಹೂಂ ಅಂದೆ. ಹೊರಗೆ ಬಂದಾಗ ಶರಣಮ್ಮ ಕೇಳಿದಳು.

“ಏನಂದ್ರು?”

“ಶುಗರ್ ಹಳೇದಾತು, ಹಿಂಗಾಗತೈತಿ ಅಂದ್ರು.”

“ನಾ ಅಂದಿದ್ದಿಲ್ಲೇನು? ಆಕಿ ಕೊಟ್ಟ ಡಬಲ್ ಗುಳಗಿ ಇನ್ನಾ ಮೈಯಾಗ ಐತಿ.”

ಉಳಿದ ಬಾಟಲಿಗಳನ್ನೂ ಡಾಕ್ಟರ ಕೈಗೇ ಒಪ್ಪಿಸಿಬಿಟ್ಟೆ. ಅಮರೇಶನನ್ನು ಅಂಗಡಿಗೆ ಕರೆಸಿ ಕೂಗಾಡಿದೆ. ಅವನು ಗಾಬರಿಯಾಗಲಿಲ್ಲ. “ಲೇಬಲ್ ಮ್ಯಾಲೆ ಬರದಿತ್ತಲ್ರೀ ಸಾವ್ಕಾರ್ರೀ. ನೀವ ಓದೀರಿ,” ಅಂದ. ಬೆಳೆ ಸುಟ್ಟಿತು ಎಂದು ಹೊಲದ ಸಸಿ ಕಿತ್ತು ಹಿಡಿದು ಬಂದ ರೈತರಿಗೆ ನಾನು ಇದೇ ಮಾತು ಹೇಳಿ ಕಳಿಸಿದ್ದೇನೆ.

ಅದಾಗಿ ಸ್ವಲ್ಪ ದಿನಕ್ಕೆ ಎಡಗಣ್ಣಿನಲ್ಲಿ ಕೂದಲು ತೇಲಿದ ಹಾಗೆ ಕಂಡಿತು. ಮುಖ ತೊಳೆದೆ, ಹೋಗಲಿಲ್ಲ. ಆಮೇಲೆ ಕೆಂಪು ಮಸುಕು, ಆಮೇಲೆ ಪರದೆ ಇಳಿದ ಹಾಗೆ. ರಾಯಚೂರಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋದೆವು. ಹನಿ ಹಾಕಿ ಕಣ್ಣು ಹಿಗ್ಗಿಸಿ ಸಾಲಾಗಿ ಬೆಂಚಿನ ಮೇಲೆ ಕೂಡಿಸುತ್ತಾರೆ. ಯಾರಿಗೂ ಏನೂ ಕಾಣುವುದಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜಿ, “ಎಲ್ಲಾರೂ ಕುರುಡ್ರ ಅದೀವಿ, ಯಾರ ಚಪ್ಪಲಿ ಯಾರ ಹಾಕ್ಕೊಂಡು ಹೋಗ್ತೀವೋ,” ಅಂದಳು. ಬೆಂಚೆಲ್ಲ ನಕ್ಕಿತು. ಆಕೆ ತನ್ನ ಸೆರಗಿನಿಂದ ಒಂದು ತುಂಡು ಬೆಲ್ಲ ತೆಗೆದು ನನ್ನ ಕೈಗಿಟ್ಟಳು. ನನಗೆ ಸಕ್ಕರೆ ಕಾಯಿಲೆ ಎಂದು ಹೇಳಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ. ಆ ಕಾಯುವ ದಿನಗಳಲ್ಲಿ ಅಂಥ ಬೆಲ್ಲವೂ ದೊಡ್ಡದಾಗಿತ್ತು.

ಜೊತೆಗೆ ಬಂದಿದ್ದ ಬಸವರಾಜನನ್ನು ಹೊರಗೆ ಕೂಡಿಸಿ ಕಣ್ಣಿನ ಡಾಕ್ಟರಮ್ಮನಿಗೆ ಇಂಜೆಕ್ಷನ್ನಿನ ವಿಷಯ ಹೇಳಿದೆ. ಅವರು ನಿಧಾನವಾಗಿ ಹೇಳಿದರು: ಸಕ್ಕರೆಯವರ ಕಣ್ಣೊಳಗೆ ಕೆಟ್ಟ ರಕ್ತನಾಳ ಬೆಳೆಯುವುದು ಉಂಟು. ಬೆಳೆಯಿರಿ ಎಂದು ಕೂಗುವ ವಸ್ತುವನ್ನು ಮೈಗೆ ಹಾಕಿದರೆ ತೊಡೆ ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಇದರಿಂದಲೇ ಆಯಿತು ಎಂದು ಹೇಳಲಾರೆ, ಇದರಿಂದಲ್ಲ ಎಂದೂ ಹೇಳಲಾರೆ. ಮೈಯಲ್ಲಿ ಬೇರೆ ಗಡ್ಡೆ ಗಿಡ್ಡೆ ಎದ್ದರೆ ಕೂಡಲೇ ತೋರಿಸಿ.

ನನಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಭತ್ತಕ್ಕೆ ಹೊಡೆದ ಟಾನಿಕ್ ಕಳೆಗೂ ಬೀಳುತ್ತದೆ. ಗದ್ದೆಯಲ್ಲಿ ಕಳೆ ಕಂಡರೆ ಕೀಳಬಹುದು. ಈ ಗದ್ದೆಯೊಳಗೆ ಇಳಿಯಲು ನನಗೆ ದಾರಿಯಿಲ್ಲ. ಸ್ನಾನ ಮಾಡುವಾಗ ಕುತ್ತಿಗೆ, ಬಗಲು ಒತ್ತಿ ನೋಡಿಕೊಳ್ಳುತ್ತೇನೆ. ಇದು ಇನ್ನು ಸಾಯುವವರೆಗಿನ ಕೆಲಸ.

ಪಂಚಮಿ ಮುಗಿದ ಮೇಲೆ ಬಸವರಾಜ ಮಸ್ಕಿಯಲ್ಲಿ ಇಳಿದು ಹೆಂಡತಿಯನ್ನು ಕರೆತಂದ. ಆಕೆ ಬ್ಯಾಗು ಇಟ್ಟು ಸೀದಾ ನನ್ನ ಮಂಚದ ಹತ್ತಿರ ಬಂದಳು. ಕಾಲು ಮುಟ್ಟಿದಳು.

“ಮಾವಾರ, ಅಲ್ಲಿ ಕುಂತು ಭಾಳ ವಿಚಾರ ಮಾಡೀನ್ರೀ. ಅವ್ವನ ಫೋನ್ ಬಂದದ್ದು ಗುಳಗಿ ಕೊಡಾಕ ಮೊದಲೋ, ಆಮ್ಯಾಲೋ, ಈಗ ಖರೇನ ನೆನಪಾಗವಲ್ದು. ನಾನ ಎರಡ ಸಲ ಕೊಟ್ಟಿರಬೇಕ್ರೀ. ನನ್ನ ಕೈಯಿಂದ ನಿಮ್ಮ ಜೀವ ಹೋಗತಿತ್ತು. ತಪ್ಪಾತ್ರೀ.”

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರೂ ಕೊಡಲಾರ. ನಾನು ಆಕೆಯ ತಲೆಯ ಮೇಲೆ ಕೈಯಿಟ್ಟೆ.

“ಇರಲಿ ಬಿಡವ್ವಾ,” ಅಂದೆ. “ಆದದ್ದಾತು.”

ಮಾಡದ ತಪ್ಪಿಗೆ ಆಕೆಯನ್ನು ಕ್ಷಮಿಸಿದೆ. ನನ್ನ ಕಣ್ಣು, ನನ್ನ ಕೈ ಜೋಮು, ಮುಂದೆ ಏಳಬಹುದಾದ ಗಡ್ಡೆ, ಇವೆಲ್ಲ ತಕ್ಕಡಿಯ ಒಂದು ಕಡೆ ಇಟ್ಟರೆ ಆ ಗಳಿಗೆ ಇನ್ನೊಂದು ಕಡೆ ಜಗ್ಗುತ್ತದೆ.

ಆಗಿನಿಂದ ಆಕೆ ತನ್ನನ್ನು ನಂಬುವುದಿಲ್ಲ. ಗ್ಯಾಸು ಆರಿಸಿ ಮತ್ತೆ ಹೋಗಿ ನೋಡುತ್ತಾಳೆ, ಮತ್ತೊಮ್ಮೆ ಹೋಗುತ್ತಾಳೆ. ಸಾರಿಗೆ ಉಪ್ಪು ಹಾಕಿ, “ಅತ್ತಿ, ಉಪ್ಪು ಹಾಕೀನೇನ್ರೀ?” ಎಂದು ಕೇಳುತ್ತಾಳೆ. ಒಂದು ಖಾಸಗಿ ಶಾಲೆಯವರು ಪಾಠ ಹೇಳಲು ಕರೆದಿದ್ದರು. “ಮಕ್ಕಳ ಜವಾಬ್ದಾರಿ ನನಗ ಬ್ಯಾಡ್ರೀ, ನನ್ನ ತಲಿ ನೆಟ್ಟಗಿಲ್ಲ,” ಎಂದು ಬಿಟ್ಟಳು. ಶರಣಮ್ಮನಿಗೂ ಈಗ ಕರುಣೆ ಬಂದಿದೆ. ಇಬ್ಬರೂ ಸೇರಿ ಮರೆವಿಗೆ ಬ್ರಾಹ್ಮಿ ಸೊಪ್ಪಿನ ಕಷಾಯ ಕಾಯಿಸುತ್ತಾರೆ, ಆಕೆ ದಿನಾ ಕುಡಿಯುತ್ತಾಳೆ. ನಾನು ನೋಡುತ್ತಾ ಕೂತಿರುತ್ತೇನೆ. ಕಹಿಗೆ ಮುಖ ಕಿವುಚಿದ್ದು ಒಂದು ಕಣ್ಣಿಗೂ ಕಾಣುತ್ತದೆ.

ಎಷ್ಟೋ ಸಲ ಬಾಯಿ ತೆರೆದಿದ್ದೇನೆ. “ನೀರ ಬೇಕೇನ್ರೀ ಮಾವಾರ?” ಎಂದು ಓಡಿ ಬರುತ್ತಾಳೆ. ಹೂಂ ಅನ್ನುತ್ತೇನೆ, ಬಾಯಾರಿಕೆ ಇಲ್ಲದಿದ್ದರೂ ಕುಡಿಯುತ್ತೇನೆ.

ಜಿಮ್ಮಿನ ಹುಡುಗರು, ನನ್ನ ಹಾಗೆ ತೊಡೆ ಸೊರಗಿದ ಮುದುಕರು ಇದನ್ನು ಓದಿದರೆ ನನ್ನದೊಂದು ಮಾತು. ಕುರ್ಚಿ ಕೇಳಿ ಕೂತುಕೊಳ್ಳಿ. ನಗುವವರು ನಗಲಿ. ಚುಚ್ಚಿಕೊಂಡವರು ಇದ್ದರೆ ಇವತ್ತೇ ಡಾಕ್ಟರ ಮುಂದೆ ಹೇಳಿ. ಬೈಯುವುದಿಲ್ಲ, ಬೈದರೂ ಬದುಕುತ್ತೀರಿ.

ಉಳಿದದ್ದು ಒಂದೇ. ನನಗೆ ಸಣ್ಣ ಅಕ್ಷರ ಕಾಣದಾದ ಮೇಲೆ ಮನೆಗೆ ಬರುವ ಪೇಪರು, ಪುಸ್ತಕಗಳನ್ನು ಓದಿ ಹೇಳುವವಳು ಆಕೆ. ಚಹಾ ಕೊಟ್ಟು, ಕಟ್ಟೆಯ ಮೇಲೆ ಕೂತು, ಒಂದು ಸಾಲೂ ಬಿಡದೆ ಓದುತ್ತಾಳೆ. ಬಿಟ್ಟೆನೇನೋ ಎಂದು ಅನುಮಾನ ಬಂದರೆ ಹಿಂದಿನ ಸಾಲಿಗೆ ಹೋಗಿ ಮತ್ತೆ ಓದುತ್ತಾಳೆ. ಇದು ಅಚ್ಚಾದರೆ ನನಗೆ ಓದಿ ಹೇಳುವವಳೂ ಆಕೆಯೇ. ಬಾಯಿಂದ ಆಗದ್ದನ್ನು ಹೀಗೆ ಆಕೆಯ ಬಾಯಿಂದಲೇ ಹೇಳಿಸುತ್ತಿದ್ದೇನೆ. ಇದೂ ಹೇಡಿತನವೇ, ಬಲ್ಲೆ. ಆವತ್ತು ನೀನು ಕೊಟ್ಟದ್ದು ಒಂದೇ ಗುಳಿಗೆ. ಫೋನು ಬಂದದ್ದು ಆಮೇಲೆ. ನಿನ್ನ ನೆನಪು ನೆಟ್ಟಗಿದೆ, ಸುವರ್ಣಾ.